ಪಕ್ಕದ ಸೀಟಿನವರಿಗೆ ಫಿಟ್ಸ್ ಇರಬಹುದೇ ಎನ್ನಿಸಿದಾಗ

ಮೀಟಿಂಗ್ ನಡೆಯುತ್ತಿರುತ್ತದೆ. ಚೆನ್ನಾಗಿಯೇ ಮಾತಾಡುತ್ತಿದ್ದ ಸಹೋದ್ಯೋಗಿ ನಡುವೆ ನಿಲ್ಲಿಸಿ ಎದುರು ಗೋಡೆಯನ್ನು ದಿಟ್ಟಿಸತೊಡಗುತ್ತಾರೆ. ಬಾಯಿ ಏನನ್ನೋ ಚಪ್ಪರಿಸುತ್ತಿದೆ, ಬಲಗೈ ಅಂಗಿಯ ಗುಂಡಿಯನ್ನು ತಡಕುತ್ತಿದೆ. ಹೆಸರು ಹಿಡಿದು ಕರೆದರೂ ಓಗೊಡುವುದಿಲ್ಲ. ಒಂದು ನಿಮಿಷ ಕಳೆದ ಮೇಲೆ ಮಂಕಾಗಿ ಸುತ್ತ ನೋಡಿ, "ಎಲ್ಲಿಗೆ ಬಂದಿದ್ವಿ?" ಎನ್ನುತ್ತಾರೆ. ಯಾರೋ ಒಬ್ಬರು "ರಾತ್ರಿ ನಿದ್ದೆ ಮಾಡಲ್ವೇನ್ರೀ" ಎಂದು ನಗಿಸುತ್ತಾರೆ, ಮಾತು ಮುಂದಕ್ಕೆ ಹೋಗುತ್ತದೆ. ಮುಂದಿನ ತಿಂಗಳು ಮತ್ತೆ ಅದೇ ನೋಟ, ಅದೇ ಚಪ್ಪರಿಕೆ.

ಇದು ಬರೀ ನಿದ್ದೆಗೇಡಿನ ಫಲವಿರಬಹುದು. ಮೂರ್ಛೆರೋಗವೂ ಇರಬಹುದು. ಫಿಟ್ಸ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಸಿನಿಮಾದ ದೃಶ್ಯ: ದಬಕ್ಕನೆ ನೆಲಕ್ಕೆ ಬೀಳುವುದು, ಕೈಕಾಲು ಬಡಿಯುವುದು, ಬಾಯಲ್ಲಿ ನೊರೆ, ಓಡಿಬಂದವರ ಕೈಯಲ್ಲಿ ಬೀಗದ ಕೈ. ಹಾಗಾಗದೆ ಬರುವ ಸೆಳವುಗಳೇ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುತ್ತವೆ. ಮನೆಯವರಿಗಿಂತ ಹೆಚ್ಚು ಹೊತ್ತು ಜೊತೆಗಿರುವವರು ಕಚೇರಿಯವರು, ಕಾರ್ಖಾನೆಯವರು. ಹಾಗಾಗಿ ಮೊದಲು ಕಣ್ಣಿಗೆ ಬೀಳುವುದೂ ಹಲವು ಸಲ ಇವರಿಗೇ.

ನೀವು ವೈದ್ಯರಲ್ಲ, ರೋಗ ಇಂಥದ್ದೇ ಎಂದು ಹೇಳುವ ಹೊಣೆ ನಿಮ್ಮದಲ್ಲ. ಆದರೆ ಈ ಕಾಯಿಲೆಯ ಸ್ವಭಾವವೇ ಬೇರೆ. ಸೆಳವು ಬಂದವರಲ್ಲಿ ಹಲವರಿಗೆ ಆ ಹೊತ್ತಿನಲ್ಲಿ ಏನಾಯಿತೆಂದು ನೆನಪಿರುವುದಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವರು ಎಲ್ಲರಂತೆ ಇರುತ್ತಾರೆ, ವೈದ್ಯರಿಗೆ ಕಾಣಲು ಏನೂ ಉಳಿದಿರುವುದಿಲ್ಲ. ನಡೆದದ್ದನ್ನು ನಿಜವಾಗಿ ಕಂಡವರು ಪಕ್ಕದಲ್ಲಿದ್ದವರು ಮಾತ್ರ. ನರರೋಗ ತಜ್ಞರು ಯಂತ್ರಗಳ ವರದಿಗಿಂತ ಮೊದಲು ಕೇಳುವ ಪ್ರಶ್ನೆಯೂ ಅದೇ: "ನೋಡಿದವರು ಯಾರಾದರೂ ಜೊತೆಗೆ ಬಂದಿದ್ದಾರಾ?" ಸಹೋದ್ಯೋಗಿಯಾಗಿ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಒಳ್ಳೆಯ ಸಾಕ್ಷಿಯಾಗುವುದು.

ಇದೇನೂ ಅಪರೂಪದ ಕಾಯಿಲೆಯಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಿಮ್ಹಾನ್ಸ್‌ನ ತಂಡ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸಾವಿರಕ್ಕೆ 8.8 ಜನರಿಗೆ ಈ ಕಾಯಿಲೆಯಿತ್ತು. ನಗರದಲ್ಲಿ ಸಾವಿರಕ್ಕೆ 5.7 ಇದ್ದರೆ ಹಳ್ಳಿಗಳಲ್ಲಿ 11.9, ಅಂದರೆ ಎರಡು ಪಟ್ಟು. ಈ ಲೆಕ್ಕದಲ್ಲಿ ಸಾವಿರ ಜನ ದುಡಿಯುವ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಐದಾರು ಮಂದಿಯಾದರೂ ಇರಬೇಕು. ಅವರಲ್ಲಿ ಎಷ್ಟು ಜನ ತಮಗಿದೆಯೆಂದು ಹೇಳಿಕೊಂಡಿದ್ದಾರೆ ಎಂಬುದು ಬೇರೆ ಮಾತು. ಸರಿಯಾಗಿ ಪತ್ತೆಯಾಗಿ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70ರಷ್ಟು ಜನ ಸೆಳವಿಲ್ಲದೆ ಬಾಳಬಹುದು. ಪತ್ತೆಯಾಗುವುದಕ್ಕೆ ಅಷ್ಟು ಬೆಲೆ ಇರುವುದು ಇದರಿಂದಲೇ.

ಏನನ್ನು ಗಮನಿಸಬೇಕು? ಮೇಲೆ ಹೇಳಿದ ದಿಟ್ಟಿಸುವ, ಚಪ್ಪರಿಸುವ ಬಗೆ ದೊಡ್ಡವರಲ್ಲಿ ಸಾಮಾನ್ಯ. ಸಾಧಾರಣವಾಗಿ ಅರ್ಧ ನಿಮಿಷದಿಂದ ಎರಡು ನಿಮಿಷ ಇರುತ್ತದೆ. ಕಣ್ಣು ತೆರೆದಿರುತ್ತದೆ, ಬೀಳುವುದಿಲ್ಲ, ಕೆಲವರು ಎದ್ದು ನಡೆದೂ ಬಿಡುತ್ತಾರೆ. ಆದರೆ ಆ ಹೊತ್ತಿನಲ್ಲಿ ಅವರು ನಮ್ಮ ಜೊತೆಗಿರುವುದಿಲ್ಲ. ಅದಕ್ಕೆ ಸ್ವಲ್ಪ ಮೊದಲು ಕೆಲವರಿಗೆ ಹೊಟ್ಟೆಯಿಂದ ಏನೋ ಮೇಲಕ್ಕೆ ಏರಿದಂತೆ, ಇಲ್ಲದ ವಾಸನೆ ಬಂದಂತೆ, ಈಗ ನಡೆಯುತ್ತಿರುವುದು ಹಿಂದೆಯೂ ನಡೆದಿತ್ತು ಎಂಬಂತೆ ಅನ್ನಿಸುತ್ತದೆ. "ಒಂಥರಾ ಆಗ್ತಿದೆ" ಎಂದಷ್ಟೇ ಅವರು ಹೇಳಬಲ್ಲರು.

ಇನ್ನೊಂದು ಬಗೆ ಹರೆಯದಲ್ಲಿ ಶುರುವಾಗುತ್ತದೆ. ಬೆಳಿಗ್ಗೆ ಎದ್ದ ಹೊಸದರಲ್ಲಿ ಕೈ ಸರಕ್ಕನೆ ಹಾರುತ್ತದೆ, ಹಲ್ಲುಜ್ಜುವ ಬ್ರಷ್ ಕೈತಪ್ಪುತ್ತದೆ, ಕಾಫಿ ಲೋಟ ಚೆಲ್ಲುತ್ತದೆ. ಎಚ್ಚರ ತಪ್ಪಿರುವುದಿಲ್ಲ, ಹಾಗಾಗಿ ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. "ಇವನ ಕೈಗೆ ಲೋಟ ಕೊಡಬೇಡಿ" ಎಂಬ ತಮಾಷೆಯಲ್ಲಿ ವರ್ಷ ಕಳೆಯುತ್ತದೆ. ನಿದ್ದೆ ಕೆಟ್ಟರೆ ಇದು ಜೋರಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಕ್ಯಾಬ್ ಹತ್ತುವ ಇಪ್ಪತ್ತರ ಹುಡುಗ ಹುಡುಗಿಯರು ತುಂಬಿರುವ ನಮ್ಮ ಊರುಗಳಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು. ದೊಡ್ಡ ಫಿಟ್ಸ್ ಒಂದು ಸಲ ಬಂದ ಮೇಲಷ್ಟೇ ಹಳೆಯ ಕಾಫಿ ಲೋಟಗಳ ಕತೆ ಹೊರಬರುತ್ತದೆ.

ಕಾರಣ ಗೊತ್ತಿಲ್ಲದ ಕಂದುಗಾಯ, ನಾಲಿಗೆಯ ಬದಿಯಲ್ಲಿ ಕಚ್ಚಿದ ಗುರುತು, ಬೆಳಿಗ್ಗೆ ಏಳುವಾಗಲೇ ಮೈಯೆಲ್ಲ ಹೊಡೆದಂತೆ ನೋವು, ರಾತ್ರಿ ಗೊತ್ತಿಲ್ಲದಂತೆ ಮೂತ್ರವಾಗಿರುವುದು, ಇವು ನಿದ್ದೆಯಲ್ಲಿ ಬಂದುಹೋದ ಸೆಳವಿನ ಸುಳಿವುಗಳಿರಬಹುದು. ಕೊನೆಯದನ್ನು ಯಾರೂ ಸಹೋದ್ಯೋಗಿಗೆ ಹೇಳಿಕೊಳ್ಳುವುದಿಲ್ಲ, ಪಿಜಿಯಲ್ಲಿ ಒಂದೇ ಕೋಣೆಯಲ್ಲಿರುವವರಿಗೆ ಮಾತ್ರ ಗೊತ್ತಾದೀತು. ನಮ್ಮ ಸೀಮೆಯದೇ ಎನ್ನಬಹುದಾದ ಒಂದು ಬಗೆಯೂ ಇದೆ: ತಲೆಗೆ ಬಿಸಿಬಿಸಿ ನೀರು ಹುಯ್ದುಕೊಂಡಾಗ ಬರುವ ಸೆಳವು. ದಕ್ಷಿಣ ಕರ್ನಾಟಕದಲ್ಲಿ ಇದು ಹೆಚ್ಚು, ನಿಮ್ಹಾನ್ಸ್‌ನವರು ಇದರ ಮೇಲೆ ವರ್ಷಗಳ ಕಾಲ ಅಧ್ಯಯನ ನಡೆಸಿದ್ದಾರೆ. "ತಲೆಗೆ ಸ್ನಾನ ಮಾಡೋವಾಗ ಮಂಕು ಕವಿಯುತ್ತೆ" ಎಂದು ಯಾರಾದರೂ ಹೇಳಿದರೆ ಹಗುರವಾಗಿ ಕಾಣಬೇಡಿ. ನೀರಿನ ಬಿಸಿ ಇಳಿಸುವುದರಿಂದಲೇ ಹಲವರಿಗೆ ಎಷ್ಟೋ ಸುಧಾರಿಸುತ್ತದೆ.

ಇಷ್ಟನ್ನೂ ಓದಿ ಎಲ್ಲರಲ್ಲೂ ಫಿಟ್ಸ್ ಹುಡುಕಲು ಹೊರಡುವುದು ಬೇಡ. ಊಟ ಬಿಟ್ಟು, ಸೆಕೆಯಲ್ಲಿ ಹೊತ್ತುಗಟ್ಟಲೆ ನಿಂತು ಕಣ್ಣು ಕತ್ತಲೆಗಟ್ಟಿ ಬೀಳುವವರೂ ನಾಲ್ಕಾರು ಸಲ ಅದುರುತ್ತಾರೆ, ಆದರೆ ಮಲಗಿಸಿದ ಕೂಡಲೇ ಚೇತರಿಸಿಕೊಂಡು ಸರಿಯಾಗಿ ಮಾತಾಡುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದರೆ ಇದೇ ಮಂಕು. ಹೃದಯದ ಬಡಿತ ತಪ್ಪಿದರೆ, ಕುಡಿತವನ್ನು ದಿಢೀರನೆ ಬಿಟ್ಟರೆ, ತಡೆಯಲಾರದ ಆತಂಕ ಆವರಿಸಿದರೆ ಕೂಡ ಹೊರಗಿನವರಿಗೆ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಜೀವಮಾನದಲ್ಲಿ ಒಂದೇ ಒಂದು ಸಲ ಸೆಳವು ಬಂದು ಮತ್ತೆಂದೂ ಬಾರದವರು ಬಹಳ. ಮೂರ್ಛೆರೋಗ ಎನ್ನಬೇಕಾದರೆ ಬೇರೆ ಪ್ರಚೋದನೆಯಿಲ್ಲದೆ ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲವಾದರೂ ಬಂದಿರಬೇಕು, ಇಲ್ಲವೇ ಒಂದೇ ಸಲ ಬಂದಿದ್ದರೂ ಮತ್ತೆ ಬರುವ ಸಂಭವ ಬಹಳವಿದೆ ಎಂದು ವೈದ್ಯರಿಗೆ ಕಾಣಬೇಕು. ಆದ್ದರಿಂದ ಕಾಯಿಲೆಯ ಹೆಸರನ್ನು ನಿಮ್ಮ ಬಾಯಿಂದ ಹೇಳಬೇಡಿ. ಕಂಡದ್ದನ್ನು ಮಾತ್ರ ಹೇಳಿ.

ಕಂಡದ್ದನ್ನು ಹೇಳಬೇಕಾದರೆ ಅದು ನೆನಪಿರಬೇಕು. ಆದ ಕೂಡಲೇ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದಿಡಿ. ದಿನ, ಹೊತ್ತು. ಆಗ ಏನು ಮಾಡುತ್ತಿದ್ದರು, ಮೊದಲು ಬದಲಾದದ್ದು ಏನು: ಮುಖವೋ, ಕೈಯೋ, ಮಾತೋ? ತಲೆ ಯಾವ ಕಡೆಗೆ ತಿರುಗಿತು? ಅದುರಾಟ ಒಂದು ಬದಿಯಲ್ಲಿ ಮಾತ್ರವಿತ್ತೋ ಎರಡರಲ್ಲೂ ಇತ್ತೋ? ಕಣ್ಣು ತೆರೆದಿತ್ತೋ ಬಿಗಿಯಾಗಿ ಮುಚ್ಚಿತ್ತೋ? ಮುಗಿದ ಮೇಲೆ ಸರಿಯಾಗಿ ಉತ್ತರ ಕೊಡಲು ಎಷ್ಟು ಹೊತ್ತು ಹಿಡಿಯಿತು? ಹಿಂದಿನ ರಾತ್ರಿ ನಿದ್ದೆ, ಊಟ, ಜ್ವರದ ಸಂಗತಿ ಗೊತ್ತಿದ್ದರೆ ಅದೂ ಇರಲಿ. ಗಡಿಯಾರ ನೋಡುವುದನ್ನಂತೂ ಮರೆಯಬೇಡಿ. ಗಾಬರಿಯಲ್ಲಿ ಅರ್ಧ ನಿಮಿಷ ಹತ್ತು ನಿಮಿಷದಂತೆ ಕಾಣುತ್ತದೆ, "ಅರ್ಧ ಗಂಟೆ ಒದ್ದಾಡಿದರು ಡಾಕ್ಟ್ರೇ" ಎಂದು ಹೇಳಿಬಿಡುತ್ತೇವೆ, ಅದರಿಂದ ಚಿಕಿತ್ಸೆಯ ದಿಕ್ಕೇ ತಪ್ಪಬಹುದು.

ವಿಡಿಯೊ ವಿಷಯದಲ್ಲಿ ನನ್ನ ನಿಲುವು ಖಡಾಖಂಡಿತ. ವೈದ್ಯರಿಗೆ ಒಂದು ನಿಮಿಷದ ವಿಡಿಯೊದಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ. ಹಾಗೆಯೇ, ಕಚೇರಿಯ ವಾಟ್ಸ್ಯಾಪ್ ಗುಂಪಿಗೆ ಬಿದ್ದ ಆ ಒಂದು ನಿಮಿಷದಷ್ಟು ಒಬ್ಬರ ಮರ್ಯಾದೆ ಕಳೆಯುವುದೂ ಬೇರೆ ಇಲ್ಲ. ನೆರವಿಗೆ ಬೇರೊಬ್ಬರು ಇದ್ದರೆ ಮಾತ್ರ ಚಿತ್ರೀಕರಿಸಿ, ಮುಖ ಮತ್ತು ಕೈಕಾಲು ಎರಡೂ ಕಾಣುವಂತಿರಲಿ. ಅವರು ಸುಧಾರಿಸಿಕೊಂಡ ಮೇಲೆ "ಡಾಕ್ಟರಿಗೆ ತೋರಿಸೋಕೆ ಬೇಕಾಗಬಹುದು ಅಂತ ತೆಗೆದೆ, ನಿಮಗೆ ಕಳಿಸ್ತೀನಿ, ನನ್ನ ಫೋನಿಂದ ಅಳಿಸ್ತೀನಿ" ಎಂದು ತಿಳಿಸಿ. ಅವರ ಕಣ್ಣೆದುರಿಗೇ ಅಳಿಸಿ.

ಇನ್ನು ಕಷ್ಟದ ಭಾಗ, ಮಾತು ಎತ್ತುವುದು. ಈ ಕಾಯಿಲೆಯನ್ನು ಜನ ಯಾಕೆ ಬಚ್ಚಿಡುತ್ತಾರೆ ಎಂಬುದು ಗೊತ್ತಿದ್ದರೆ ಮಾತು ಮೃದುವಾಗುತ್ತದೆ. ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ, ಮುಟ್ಟಿದರೆ ಅಂಟುತ್ತದೆ ಎಂಬ ನಂಬಿಕೆಗಳು ಇನ್ನೂ ಸತ್ತಿಲ್ಲ. ಅದು ಅಂಟುರೋಗವಲ್ಲ, ಹುಚ್ಚೂ ಅಲ್ಲ. ಮಿದುಳಿನ ನರಕೋಶಗಳಲ್ಲಿ ಹಠಾತ್ತನೆ ಅಳತೆ ಮೀರಿ ಹರಿಯುವ ವಿದ್ಯುತ್ ಸಂಕೇತಗಳಿಂದ ಬರುವಂಥದ್ದು. ಕಾನೂನೇ ಬಹುಕಾಲ ಅನ್ಯಾಯ ಮಾಡಿತ್ತು: ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲಿಟ್ಟು ಮದುವೆಗೆ ಅಡ್ಡಿಯೆಂದು ಬರೆಯಲಾಗಿತ್ತು, ಅದನ್ನು ತೆಗೆದುಹಾಕಿದ್ದು 1999ರ ತಿದ್ದುಪಡಿ. ಕಾನೂನು ಬದಲಾಯಿತು, ಗಂಡು ಹೆಣ್ಣು ನೋಡಲು ಬರುವ ಮನೆಗಳು ಅಷ್ಟಾಗಿ ಬದಲಾಗಲಿಲ್ಲ. ಮದುವೆಯಾಗದ ಹುಡುಗಿಯೊಬ್ಬಳಿಗೆ ನೀವು ಈ ವಿಷಯ ತೆಗೆದಾಗ ಅವಳಿಗೆ ಕೇಳಿಸುವುದು ತನ್ನ ಆರೋಗ್ಯದ ಮಾತಲ್ಲ, ತನ್ನ ಅಮ್ಮನ ಅಳು.

ಆದ್ದರಿಂದ ಒಬ್ಬರೇ ಇರುವಾಗ ಮಾತಾಡಿ. ಕ್ಯಾಂಟೀನಿನಲ್ಲಿ ಬೇಡ, ಆದ ತಕ್ಷಣ ತಲೆ ಇನ್ನೂ ಮಂಕಾಗಿರುವಾಗಲೂ ಬೇಡ. ಹೆಚ್ಚು ಸಲಿಗೆಯಿರುವ ಒಬ್ಬರು ಹೇಳಿದರೆ ಸಾಕು, ನಾಲ್ಕು ಜನ ಸುತ್ತುವರಿದು ಕೂರಿಸಿಕೊಂಡರೆ ಅದು ಪಂಚಾಯಿತಿಯಾಗುತ್ತದೆ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಮಂಗಳವಾರ ಊಟಕ್ಕೆ ಮುಂಚೆ ಮಿಷನ್ ಮುಂದೆ ನೀವು ಒಂದು ನಿಮಿಷ ಹಾಗೇ ಕೂತಿದ್ರಿ. ಕರೆದೆ, ನಿಮಗೆ ಕೇಳಿಸಲಿಲ್ಲ. ಹೋದ ತಿಂಗಳೂ ಒಂದ್ಸಲ ಹಿಂಗೇ ಆಗಿತ್ತು. ನಿಮಗೇನಾದ್ರೂ ಗೊತ್ತಾಗಿತ್ತಾ?" ಇಷ್ಟು ಸಾಕು. ಇದರಲ್ಲಿ ಕಾಯಿಲೆಯ ಹೆಸರಿಲ್ಲ, ಸಲಹೆಯಿಲ್ಲ, ಕೊನೆಯಲ್ಲಿ ಒಂದು ಪ್ರಶ್ನೆಯಿದೆ. ಅವರು "ಇಲ್ವಲ್ಲ" ಎಂದು ಗಾಬರಿಪಟ್ಟರೆ ಬರೆದಿಟ್ಟದ್ದನ್ನು ತೋರಿಸಿ, ಜೊತೆಗೆ ಬರುತ್ತೇನೆ ಎನ್ನಿ. "ಸುಸ್ತು ಕಣೇ, ಏನಿಲ್ಲ" ಎಂದು ತಳ್ಳಿಹಾಕಿದರೆ ಅವತ್ತಿಗೆ ಬಿಡಿ. ಎರಡನೆಯ ಸಲ ಹೇಳುವಾಗ ಅಷ್ಟು ಕಷ್ಟವಾಗುವುದಿಲ್ಲ. ಮೊದಲೇ ಗೊತ್ತಿದ್ದು ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಇರುತ್ತಾರೆ, ಅವರು ನಿಮಗೆ ಹೇಳದೆ ಇರುವುದು ಅವರ ಹಕ್ಕು.

ಎದುರಿಗೇ ದೊಡ್ಡ ಫಿಟ್ಸ್ ಬಂದರೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಜಾಸ್ತಿ. ಕುರ್ಚಿ ಮೇಜು ಸರಿಸಿ, ತಲೆಯ ಕೆಳಗೆ ಬ್ಯಾಗೋ ಮಡಿಸಿದ ಜರ್ಕಿನ್ನೋ ಇಡಿ, ಕನ್ನಡಕ ತೆಗೆಯಿರಿ. ಕುತ್ತಿಗೆಯಲ್ಲಿ ಐಡಿ ಕಾರ್ಡಿನ ದಾರವಿದ್ದರೆ ಮೊದಲು ಅದನ್ನು ಬಿಡಿಸಿ. ಹೊತ್ತು ನೋಡಿ. ಅದುರಾಟ ಸಡಿಲವಾದ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಕ್ಕೆ ಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ಬೆರಳು ಯಾವುದನ್ನೂ ತುರುಕಬೇಡಿ. ನಾಲಿಗೆಯನ್ನು ಯಾರೂ ನುಂಗುವುದಿಲ್ಲ, ಹಲ್ಲು ಮುರಿಯುವುದು, ನಿಮ್ಮ ಬೆರಳು ಹೋಗುವುದು ಮಾತ್ರ ನಿಜ. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ಎಲ್ಲರೂ ನಂಬಿರುವುದಕ್ಕೆ ಕಾರಣವಿದೆ: ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ, ಬೀಗದ ಕೈ ಹುಡುಕಿ ತರಲೂ ಅಷ್ಟೇ ಹೊತ್ತು ಹಿಡಿಯುತ್ತದೆ. ಪೂರ್ತಿ ಎಚ್ಚರವಾಗಿ ಸರಿಯಾಗಿ ಮಾತಾಡುವವರೆಗೆ ನೀರು ಕೂಡ ಕೊಡಬೇಡಿ.

ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ, ಕಾಯಬೇಡಿ. ನಿಂತು ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ತಲೆಗೆ ಪೆಟ್ಟಾಗಿದ್ದರೆ, ಉಸಿರು ಸರಿಯಾಗಿ ಮರಳದಿದ್ದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ನಿಮಗೆ ತಿಳಿದಂತೆ ಇದೇ ಮೊದಲ ಸಲವಾಗಿದ್ದರೆ ಕೂಡ ಹೊತ್ತು ನೋಡದೆ ಕರೆಯಿರಿ. ದಿಟ್ಟಿಸುವ ಬಗೆಯ ಸೆಳವು ಐದು ನಿಮಿಷದೊಳಗೆ ನಿಂತರೆ ಸಾಮಾನ್ಯವಾಗಿ ಇಷ್ಟೆಲ್ಲ ಬೇಕಿಲ್ಲ. ಮೆಟ್ಟಿಲು, ರಸ್ತೆ, ಯಂತ್ರಗಳ ಕಡೆಗೆ ಹೋಗದಂತೆ ಮೆಲ್ಲನೆ ಪಕ್ಕದಲ್ಲಿ ನಡೆಯಿರಿ. ಬಿಗಿಯಾಗಿ ಹಿಡಿದರೆ ಆ ಮಂಪರಿನಲ್ಲಿ ಅವರು ಕೊಸರಾಡಿ ಹೊಡೆದಾರು, ಅದು ಸಿಟ್ಟಿನ ಏಟಲ್ಲ.

ಆಸ್ಪತ್ರೆಗೆ ಹೊರಟವರಿಗೆ ಒಂದು ಮಾತು ಮೊದಲೇ ಹೇಳಿಡಿ: ಇಇಜಿ ಸರಿಯಾಗಿ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಅದು ಅಳೆಯುವುದು ತಲೆಗೆ ತಂತಿ ಅಂಟಿಸಿದ ಆ ಅರ್ಧ ಗಂಟೆಯನ್ನು ಮಾತ್ರ. ಆದ್ದರಿಂದಲೇ ಕೆಲವೊಮ್ಮೆ ನಿದ್ದೆಗೆಟ್ಟು ಬರಲು ಹೇಳಿ ಮತ್ತೆ ತೆಗೆಯುತ್ತಾರೆ. ಎಂಆರ್‌ಐಯನ್ನು ಕೇಳುವುದು ಕಾರಣ ಹುಡುಕಲು. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಗೂಡು ಕಟ್ಟುವುದು ಸೆಳವಿಗೆ ಒಂದು ಮುಖ್ಯ ಕಾರಣ. ಹುಳುವಿನ ಮೊಟ್ಟೆ ಒಳಹೋಗುವುದು ಸರಿಯಾಗಿ ತೊಳೆಯದ ಹಸಿ ತರಕಾರಿ, ಸೊಪ್ಪು, ಕೊಳಕು ನೀರಿನಿಂದ, ಹಾಗಾಗಿ ಸಸ್ಯಾಹಾರಿಗಳಿಗೂ ಬರುತ್ತದೆ. ಕ್ಷಯದ ಗಂಟೂ ಹೀಗೆಯೇ ಕಾಡಬಹುದು. ಎರಡಕ್ಕೂ ಔಷಧಿಯಿದೆ. ಖರ್ಚಿಗೆ ಹೆದರುವವರಿಗೆ, ಇಎಸ್‌ಐ ಕಾರ್ಡಿದ್ದರೆ ಅದರ ಆಸ್ಪತ್ರೆಯ ಮೂಲಕ ಹೋಗಬಹುದೆಂದೂ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆಯೆಂದೂ ಹೇಳಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲೇ ಇದಕ್ಕೆ ಕ್ಲಿನಿಕ್‌ಗಳು ಬಂದಿವೆ. ನೀವು ಜೊತೆಗೆ ಹೋಗಲಾಗದಿದ್ದರೆ ಒಳಗೆ ಕರೆದಾಗ ಫೋನಿನಲ್ಲಿ ಸಿಗುವಂತಿರಿ.

ಕೆಲಸದ ಜಾಗದಲ್ಲಿ ಯಾರಿಗೆ ಹೇಳಬೇಕು? ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಬೇಡ, ಎಚ್‌ಆರ್‌ಗೂ ಬೇಡ. ಒಂದೇ ವಿನಾಯಿತಿ ಪ್ರಾಣಾಪಾಯ. ಪ್ರೆಸ್ ಯಂತ್ರಕ್ಕೆ ಕೈಕೊಡುವವರು, ಸಾರ್ವೆ ಏರುವವರು, ಕುದಿಯುವ ಬಾಯ್ಲರ್ ಬಳಿ ನಿಲ್ಲುವವರು, ಗಾಡಿ ಓಡಿಸುವವರು ನಡುವೆ ಒಂದು ನಿಮಿಷ ಎಚ್ಚರ ತಪ್ಪಿದರೆ ಅವರ ಜೊತೆ ಇನ್ನೊಬ್ಬರೂ ಸಾಯಬಹುದು. ಆಗಲೂ ಬೆನ್ನ ಹಿಂದೆ ದೂರು ಕೊಡದೆ "ಸೂಪರ್‌ವೈಸರಿಗೆ ಇಬ್ಬರೂ ಸೇರಿ ಹೇಳೋಣ, ಡಾಕ್ಟರ್ ನೋಡೋವರೆಗೂ ಬೇರೆ ಕಡೆ ಹಾಕಲಿ" ಎನ್ನಿ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯ ಒಂದನೆಯ ನಮೂನೆಯಲ್ಲಿ ಮೂರ್ಛೆರೋಗವಿದೆಯೇ, ಏಕಾಏಕಿ ಎಚ್ಚರ ತಪ್ಪುತ್ತದೆಯೇ ಎಂಬ ಪ್ರಶ್ನೆಯೇ ಇದೆ. ರೋಗ ಖಚಿತವಾಗುವ ಮೊದಲೇ ಬೈಕಿನ ಕೀಲಿ ಮನೆಯಲ್ಲಿಡುವುದು ಕ್ಷೇಮ, ಅದೇ ದಾರಿಯಲ್ಲಿ ಬರುವವರು ಹಿಂದೆ ಕೂರಿಸಿಕೊಂಡು ಬರುವುದಾಗಿ ಹೇಳಿದರೆ ಆ ಮಾತು ಬೇಗ ಒಪ್ಪಿಗೆಯಾಗುತ್ತದೆ.

ಮ್ಯಾನೇಜರ್ ಆಗಿರುವವರಿಗೆ ಪ್ರತ್ಯೇಕ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ಬಗೆಗಳಲ್ಲಿ ಮೂರ್ಛೆರೋಗದ ಹೆಸರು ಬೇರೆಯಾಗಿ ಇಲ್ಲ. ಹೀಗಾಗಿ ಈ ನೌಕರರ ಕೆಲಸ ಉಳಿಯುವುದು ಬಿಡುವುದು ಬಹಳ ಮಟ್ಟಿಗೆ ನಿಮ್ಮ ವಿವೇಕದ ಮೇಲೆ ನಿಂತಿದೆ. ರಾತ್ರಿ ಪಾಳಿಯಿಂದ ಹಗಲಿಗೆ ಹಾಕುವುದು, ಊಟದ ಹೊತ್ತು ತಪ್ಪದಂತೆ ನೋಡುವುದು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ಅರ್ಧ ದಿನ ಬಿಡುವುದು, ಇಷ್ಟರಿಂದ ಕಂಪನಿಗೆ ಆಗುವ ನಷ್ಟ ಏನೂ ಇಲ್ಲ. ಅವರ ಕೆಲಸವನ್ನೆಲ್ಲ ಕಿತ್ತುಕೊಂಡು "ನೀವು ಆರಾಮಾಗಿ ಕೂತಿರಿ" ಎನ್ನುವುದು ದಯೆಯಂತೆ ಕಾಣುತ್ತದೆ, ಆರು ತಿಂಗಳಲ್ಲಿ ಅದು ಮನೆಗೆ ಕಳಿಸುವ ದಾರಿಯಾಗುತ್ತದೆ.

ಚಿಕಿತ್ಸೆ ಶುರುವಾದ ಮೇಲೆ ಕೆಲವು ಸಂಗತಿ ಗೊತ್ತಿರಲಿ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗದಿರುವುದೇ ಸೆಳವು ಮರಳಲು ಒಂದು ದೊಡ್ಡ ಕಾರಣ, ಉಪವಾಸ, ಹಬ್ಬ, ಊರಿಗೆ ಹೋಗುವ ರಾತ್ರಿ ಬಸ್ಸು ಇಂಥ ಕಡೆಯೇ ಅದು ತಪ್ಪುವುದು. ಕೆಲವರಿಗೆ ವೈದ್ಯರು ಸೆಳವು ನಿಲ್ಲದಿದ್ದರೆ ಮೂಗಿಗೆ ಸಿಂಪಡಿಸುವ ಮಿಡಜೋಲಾಂ ಸ್ಪ್ರೇ ಬರೆದುಕೊಡುತ್ತಾರೆ. ಅದು ಯಾವ ಡ್ರಾಯರಿನಲ್ಲಿದೆ, ಯಾವಾಗ ಎಷ್ಟು ಸಿಂಪಡಿಸಬೇಕು ಎಂಬುದನ್ನು ಅವರಿಂದಲೇ ಕೇಳಿ ತಿಳಿದವರು ಪಾಳಿಗೆ ಒಬ್ಬರಾದರೂ ಇರಬೇಕು. ಹೊಸ ಮಾತ್ರೆಯ ಮೊದಲ ವಾರಗಳಲ್ಲಿ ಮಂಪರು ಸಹಜ. ಲೆವೆಟಿರಾಸಿಟಮ್‌ನಂಥ ಔಷಧಿಯಿಂದ ಕೆಲವರಿಗೆ ಎಂದೂ ಇಲ್ಲದ ಸಿಡುಕು ಬರುತ್ತದೆ, ಕೆಲವರು ಮಂಕಾಗಿ ಮಾತು ಬಿಡುತ್ತಾರೆ. ಅದೂ ಅವರಿಗಿಂತ ಮೊದಲು ನಿಮಗೇ ಕಾಣುತ್ತದೆ. ಸಣ್ಣದಕ್ಕೆಲ್ಲ ಕಿಡಿಕಿಡಿಯಾಗುತ್ತಿದ್ದರೆ ಮುನಿಸಿಕೊಳ್ಳದೆ, "ಮಾತ್ರೆ ಶುರುವಾದಾಗಿಂದ ಹೀಗಾಗ್ತಿದೆ ಅನ್ಸುತ್ತೆ, ಮುಂದಿನ ಸಲ ಡಾಕ್ಟರಿಗೆ ಹೇಳಿ, ನೀವಾಗಿ ಮಾತ್ರ ನಿಲ್ಲಿಸಬೇಡಿ" ಎನ್ನಿ. ಬದುಕೇ ಬೇಡ ಎಂಬಂಥ ಮಾತು ಬಂದರೆ ಮುಂದಿನ ಸಲದವರೆಗೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ. ಪ್ರಮಾಣ ಇಳಿಸುವುದೋ, ಬೇರೆ ಮಾತ್ರೆಗೆ ಬದಲಿಸುವುದೋ, ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ.